ಕೊಲ್ಲದ ಕತ್ತಿಯ ಕೆಲಸ

(ನಮ್ಮ ಸಂಘದ ತಿಂಗಳ ಸಭೆಯಲ್ಲಿ ಸದಸ್ಯರೊಬ್ಬರು ಮಾಡಿದ ಭಾಷಣ. ಅವರು ಬರೆದುಕೊಟ್ಟಂತೆಯೇ ಅಚ್ಚು ಮಾಡಿದೆ. — ಸಂ.)



ನಾನು ಭಾಷಣಗಾರನಲ್ಲ. ಈ ಮುಂಬಯಿಗೆ ಬಂದಂದಿನಿಂದ ಬೆತ್ತದ ಕುರ್ಚಿ, ತೊಟ್ಟಿಲು, ಬುಟ್ಟಿ, ಉಯ್ಯಾಲೆ ಇವುಗಳನ್ನು ಹೆಣೆದು ಹೊಟ್ಟೆ ಹೊರೆದುಕೊಂಡವನು. ಕಳೆದ ತಿಂಗಳು ನಮ್ಮ ಕಾರ್ಯದರ್ಶಿಗಳು ಅಂಗಡಿಗೆ ಬಂದಾಗ ನನ್ನ ಕೆಲಸದ ಮಣೆಯ ಮೇಲೆ ಒಂದು ಬಾಗಿದ ಬೆತ್ತ ಬಿದ್ದಿತ್ತು. "ಇದು ಯಾವ ಕುರ್ಚಿಯ ಕೈ?" ಎಂದು ಕೇಳಿದರು. "ಕುರ್ಚಿಯದಲ್ಲ ಸ್ವಾಮಿ, ಕತ್ತಿ" ಎಂದೆ. "ಯಾರಿಗೆ?" ಎಂದರು. "ಅಮೆರಿಕದಲ್ಲಿ ಯುದ್ಧ ಮಾಡುವವನಿಗೆ" ಎಂದೆ. ಅವರು ನಕ್ಕರು. ನಾನು ನಗಲಿಲ್ಲವೆಂದು ಕಂಡಮೇಲೆ, "ಹಾಗಾದರೆ ಮುಂದಿನ ಸಭೆಯಲ್ಲಿ ಇದನ್ನೇ ಹೇಳಿಬಿಡಿ" ಎಂದು ನನ್ನ ಹೆಸರನ್ನು ಬರೆದುಕೊಂಡು ಹೋದರು. ಆದುದರಿಂದ ಇಂದಿನ ತಪ್ಪು ನನ್ನದಲ್ಲ, ಅವರದು.

ವಿಷಯ ಇಷ್ಟೆ. ನನ್ನ ಅಕ್ಕನ ಮಗ ಕೆಲವು ವರ್ಷಗಳಿಂದ ಕ್ಯಾಲಿಫೋರ್ನಿಯಾದಲ್ಲಿ ಎಂಜಿನಿಯರ್ ಕೆಲಸದಲ್ಲಿದ್ದಾನೆ. ರಜೆಯಲ್ಲಿ ಬಂದವನು ಒಂದು ದಿನ, "ಮಾವ, ನನಗೊಂದು ಜಪಾನೀ ಕತ್ತಿ ಮಾಡಿಕೊಡಿ, ಬೆತ್ತದಲ್ಲಿ" ಎಂದ. ನಾನು, "ನಿನಗೆ ಹುಚ್ಚು ಹಿಡಿದಿದೆಯೇನೋ ಮಾರಾಯ, ಮೂವತ್ತು ದಾಟಿದವನಿಗೆ ಆಟದ ಕತ್ತಿಯೇ?" ಎಂದೆ. ಆಗ ಅವನು ಕುಳಿತು ಎಲ್ಲವನ್ನೂ ವಿವರಿಸಿದ. ನಾನು ಅವನಿಂದ ತಿಳಿದದ್ದನ್ನೂ, ಆಮೇಲೆ ಓದಿ, ಮಾಡಿ, ಕೆಡಿಸಿ ತಿಳಿದದ್ದನ್ನೂ ನಿಮ್ಮ ಮುಂದಿಡುತ್ತೇನೆ.

೧೯೬೬ನೆಯ ಇಸವಿ ಮೇ ಒಂದನೆಯ ತಾರೀಖು ಕ್ಯಾಲಿಫೋರ್ನಿಯಾದ ಬರ್ಕ್‌ಲಿ ಎಂಬ ಊರಿನಲ್ಲಿ ಕೆಲವು ಗೆಳೆಯರು ಒಂದು ಮನೆಯ ಹಿತ್ತಲಲ್ಲಿ ಸೇರಿ, ಹಳೆಯ ಕಾಲದ ಉಡುಪು ತೊಟ್ಟು, ಯೂರೋಪಿನ ವೀರರಂತೆ ಕತ್ತಿವರಸೆಯ ಪಂದ್ಯ ನಡೆಸಿದರು. ಒಂದು ದಿನದ ವಿನೋದಕ್ಕೆಂದು ಮಾಡಿದ್ದು. ಆದರೆ ಅದರ ರುಚಿ ಹತ್ತಿತು. 'ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರಾನಿಸಂ' ಎಂಬ ಉದ್ದನೆಯ ಹೆಸರಿನ ಸಂಘವಾಗಿ ಅದು ಬೆಳೆಯಿತು. ಈಗ ಅವರು ಲೋಕವನ್ನೇ ಇಪ್ಪತ್ತು 'ರಾಜ್ಯ'ಗಳಾಗಿ ಹಂಚಿಕೊಂಡಿದ್ದಾರೆ. ಪ್ರತಿಯೊಂದು ರಾಜ್ಯಕ್ಕೂ ಒಬ್ಬ ರಾಜ. ಆ ರಾಜ ಹುಟ್ಟಿನಿಂದ ಬರುವವನಲ್ಲ, ಚುನಾವಣೆಯಿಂದ ಬರುವವನೂ ಅಲ್ಲ. ಬೆತ್ತದ ಕತ್ತಿ ಹಿಡಿದು ಪಂದ್ಯದಲ್ಲಿ ಗೆದ್ದವನು ಕೆಲವು ತಿಂಗಳ ಮಟ್ಟಿಗೆ ಕಿರೀಟ ಧರಿಸುತ್ತಾನೆ, ಆಮೇಲೆ ಇಳಿಯುತ್ತಾನೆ. ಪೆನ್ಸಿಲ್ವೇನಿಯಾದಲ್ಲಿ ೧೯೭೨ರಲ್ಲಿ ಆರಂಭವಾದ 'ಪೆನ್ಸಿಕ್ ಯುದ್ಧ' ಎಂಬ ಮೇಳಕ್ಕೆ ಸುಮಾರು ಹತ್ತು ಸಾವಿರ ಜನ ಸೇರಿ ಡೇರೆ ಹಾಕುತ್ತಾರಂತೆ. ಇವರಲ್ಲಿ ಬಡಗಿಗಳಿದ್ದಾರೆ, ದಾದಿಯರಿದ್ದಾರೆ, ಲಾರಿ ಓಡಿಸುವವರಿದ್ದಾರೆ, ನನ್ನ ಸೋದರಳಿಯನಂಥವರೂ ಇದ್ದಾರೆ.

ಯೂರೋಪಿನ ಆಟದಲ್ಲಿ ಜಪಾನ್ ಎಲ್ಲಿಂದ ಬಂತು ಎಂದು ನಾನು ಕೇಳಿದೆ. ಅವರ ನಿಯಮದಂತೆ ಕಾಲ ಹದಿನೇಳನೆಯ ಶತಮಾನಕ್ಕೆ ಮುಂಚಿನದಾಗಿರಬೇಕು. ೧೫೪೩ರಲ್ಲಿ ಪೋರ್ಚುಗೀಸರು ಜಪಾನಿನ ತಾನೆಗಾಶಿಮಾ ದ್ವೀಪಕ್ಕೆ ಬಂದಿಳಿದಿದ್ದರು; ಅದು ಆ ದೇಶದ ಸಾಮಂತರು ಒಬ್ಬರನ್ನೊಬ್ಬರು ಹರಿದು ತಿನ್ನುತ್ತಿದ್ದ ಕಾಲ; ೧೬೦೦ರ ಸೆಕಿಗಹಾರ ಕಾಳಗದವರೆಗೂ ಅದು ನಿಲ್ಲಲಿಲ್ಲ. ಹಾಗಾಗಿ ಸಾಮುರಾಯ್ ವೇಷಕ್ಕೂ ಅಲ್ಲಿ ಜಾಗವುಂಟು. ನಮ್ಮ ಹುಡುಗ ಆ ವೇಷವನ್ನು ಆರಿಸಿಕೊಂಡ. ಯಕ್ಷಗಾನ ನೋಡಿ ಬೆಳೆದವನಿಗೆ ವೇಷದ ಮೇಲೆ ಆಸೆ ಇರುವುದರಲ್ಲಿ ಆಶ್ಚರ್ಯವೇನು!

ಆದರೆ ಒಂದು ವ್ಯತ್ಯಾಸವುಂಟು. ಯಕ್ಷಗಾನದ ಕಾಳಗದಲ್ಲಿ ಪೆಟ್ಟು ತಾಗುವುದಿಲ್ಲ. ಚೆಂಡೆಯ ಪೆಟ್ಟೇ ಪೆಟ್ಟು. ಇಲ್ಲಿ ನಿಜವಾಗಿಯೂ ಹೊಡೆಯುತ್ತಾರೆ, ಪೂರ್ತಿ ಬಲದಿಂದ, ತಲೆಗೆ, ಪಕ್ಕೆಗೆ, ತೊಡೆಗೆ. ಪೆಟ್ಟು ತಾಗಬೇಕು, ತಾಗಿದವನು ಸಂಜೆ ಮನೆಗೆ ಹೋಗಿ ಊಟ ಮಾಡಬೇಕು. ಇವೆರಡನ್ನೂ ಒಂದೇ ಕೋಲಿನಲ್ಲಿ ಸಾಧಿಸುವುದು ಹೇಗೆ ಎಂಬುದೇ ಕೆಲಸಗಾರನ ಮುಂದಿರುವ ಪ್ರಶ್ನೆ.

ಈ ಪ್ರಶ್ನೆ ಹೊಸದಲ್ಲ. ಜಪಾನೀಯರೇ ಇದಕ್ಕೆ ಶತಮಾನಗಟ್ಟಲೆ ತಲೆ ಕೆಡಿಸಿಕೊಂಡಿದ್ದಾರೆ. ಅವರ ಮೊದಲ ಉತ್ತರ 'ಬೊಕುತೊ', ಎಂದರೆ ಮರದ ಕತ್ತಿ. ಓಕ್ ಜಾತಿಯ ಗಟ್ಟಿ ಮರದಿಂದ, ಕೆಂಪು ಓಕ್ ಬಿಳಿ ಓಕ್ ಎರಡರಿಂದಲೂ, ಮೂರು ಅಡಿ ನಾಲ್ಕು ಇಂಚಿನಷ್ಟು ಉದ್ದಕ್ಕೆ ಕೆತ್ತುತ್ತಾರೆ. ಇಂದಿಗೂ ಜಪಾನಿನ ದಕ್ಷಿಣದ ಮಿಯಾಕೊನೊಜೊ ಎಂಬ ಊರು ಈ ಕೆಲಸಕ್ಕೆ ಹೆಸರಾದುದು. ಆ ದೇಶದ ಮರದ ಕತ್ತಿಗಳಲ್ಲಿ ಬಹುಪಾಲು ಅಲ್ಲಿಂದಲೇ ಹೊರಡುತ್ತವೆ. ಇದು ನೋಡಲು ಆಟಿಕೆಯಂತಿದ್ದರೂ ಆಟಿಕೆಯಲ್ಲ. ಮಿಯಾಮೊಟೊ ಮುಸಾಶಿ ಎಂಬ ಪ್ರಸಿದ್ಧ ಖಡ್ಗಧಾರಿ ೧೬೧೨ರಲ್ಲಿ ಒಂದು ದ್ವೀಪದಲ್ಲಿ ಸಸಾಕಿ ಕೊಜಿರೊ ಎಂಬವನನ್ನು ಮರದ ಕತ್ತಿಯಿಂದಲೇ ಹೊಡೆದು ಕೊಂದನೆಂದೂ, ಆ ಕತ್ತಿಯನ್ನು ದೋಣಿಯ ಹುಟ್ಟಿನಿಂದ ಕೆತ್ತಿಕೊಂಡಿದ್ದನೆಂದೂ ಅಲ್ಲಿಯವರು ಹೇಳುತ್ತಾರೆ. ಹುಟ್ಟಿನ ಮಾತು ಕಥೆಯಿರಬಹುದು. ಮರದ ಕತ್ತಿ ತಲೆಬುರುಡೆ ಒಡೆಯಬಲ್ಲದೆಂಬುದು ಕಥೆಯಲ್ಲ. ಆದುದರಿಂದ ಮರದ ಕತ್ತಿಯಲ್ಲಿ ಅಭ್ಯಾಸ ಮಾಡುವವರು ಮೈಗೆ ತಾಗುವ ಮುಂಚೆ ಕೈ ತಡೆಯಲೇಬೇಕು.

ಎರಡನೆಯ ಉತ್ತರ 'ಶಿನಾಯ್', ಬಿದಿರಿನ ಕತ್ತಿ. ಹದಿನಾರನೆಯ ಶತಮಾನದಲ್ಲಿ ಕಾಮಿಇಜುಮಿ ನೊಬುತ್ಸುನ ಎಂಬ ಗುರು ಬಿದಿರನ್ನು ಸೀಳಿ ತೊಗಲಿನ ಚೀಲದಲ್ಲಿ ತೂರಿಸಿ ಬಳಕೆಗೆ ತಂದನೆಂದು ಹೇಳಿಕೆ. ಹದಿನೆಂಟನೆಯ ಶತಮಾನದ ಮೊದಲಲ್ಲಿ ನಾಗನುಮ ಎಂಬ ಗುರುಮನೆಯವರು ತಲೆಗೂ ಮುಂಗೈಗೂ ಕವಚ ಸೇರಿಸಿ ಪೂರ್ತಿ ಬಲದಿಂದ ಹೊಡೆಯುವ ಅಭ್ಯಾಸಕ್ಕೆ ದಾರಿ ಮಾಡಿದರು. ಅದೇ ಬೆಳೆದು ಇಂದಿನ 'ಕೆಂಡೊ' ಆಗಿದೆ. ಇಂದಿನ ಶಿನಾಯ್ ಎಂದರೆ ನಾಲ್ಕು ಬಿದಿರಿನ ಪಟ್ಟಿ, ತುದಿಗೊಂದು ತೊಗಲಿನ ಟೊಪ್ಪಿಗೆ, ಹಿಡಿಗೊಂದು ತೊಗಲಿನ ಚೀಲ, ನಡುವೆ ಒಂದು ತೊಗಲಿನ ಕಟ್ಟು, ಬೆನ್ನಿನುದ್ದಕ್ಕೂ ಬಿಗಿದ ಒಂದು ದಾರ. ಆ ದಾರ ಇರುವ ಕಡೆ ಕತ್ತಿಯ ಬೆನ್ನು. ಅದರ ಎದುರುಭಾಗ ಅಲಗು. ದೊಡ್ಡವರದು ಉದ್ದದಲ್ಲಿ ೧೨೦ ಸೆಂಟಿಮೀಟರ್ ಮೀರಬಾರದು, ಗಂಡಸರದು ತೂಕದಲ್ಲಿ ೫೧೦ ಗ್ರಾಮಿಗೆ ಕಡಿಮೆ ಇರಬಾರದು. ಬಲು ಜಾಣತನದ ವಸ್ತು. ಪೆಟ್ಟು ಬಿದ್ದಾಗ ನಾಲ್ಕು ಪಟ್ಟಿಗಳೂ ಒಂದರ ಮೇಲೊಂದು ಸರಿದು ಪೆಟ್ಟಿನ ಕಾವನ್ನು ತಾವೇ ನುಂಗುತ್ತವೆ.

ಆದರೆ ಬಿದಿರಿಗೆ ಒಂದು ದುರ್ಗುಣವುಂಟು, ಅದನ್ನು ನಾನು ಪುಸ್ತಕದಿಂದ ಕಲಿತವನಲ್ಲ.

ನಾನು ಹದಿನೇಳು ವರ್ಷದವನಾಗಿದ್ದಾಗ ಇದೇ ನಗರದ ಒಂದು ಅಂಗಡಿಯಲ್ಲಿ ಬಿದಿರು ಸೀಳುವ ಕೆಲಸಕ್ಕೆ ಸೇರಿದ್ದೆ. ಆ ಅಂಗಡಿಯ ಹೆಸರು ಬೇಡ. ನನ್ನ ಪಕ್ಕದ ಮಣೆಯಲ್ಲಿ ನಮ್ಮೂರ ಕಡೆಯವನೇ ಒಬ್ಬ ಕುಳಿತಿರುತ್ತಿದ್ದ. ನನಗಿಂತ ಎರಡು ವರ್ಷ ದೊಡ್ಡವನು, ಕೈಚಳಕದವನು. ಒಂದು ಮಧ್ಯಾಹ್ನ ಒಣಗಿದ ಬಿದಿರನ್ನು ಬಗ್ಗಿಸಿ ಒತ್ತಿದಾಗ ಅದು ಟಪ್ಪೆಂದು ಸಿಡಿಯಿತು. ಎರಡಿಂಚಿನ ಸಿಬಿರು ಅವನ ಎಡಗಣ್ಣಿಗೆ ಹೋಯಿತು. ಕಣ್ಣು ಉಳಿಯಲಿಲ್ಲ. ಯಜಮಾನರು ಟ್ಯಾಕ್ಸಿಗೆ ಹಣ ಕೊಟ್ಟರು, ಆ ಶನಿವಾರದವರೆಗಿನ ಮಜೂರಿ ಕೊಟ್ಟರು. ಅಲ್ಲಿಗೆ ಲೆಕ್ಕ ಮುಗಿಯಿತು. ಕಾಗದ ಬರೆಯಲು, ಕೇಳಲು ನಮಗೆ ಆಗ ಯಾವ ಸಂಘವೂ ಗೊತ್ತಿರಲಿಲ್ಲ. ಅವನು ಇಂದಿಗೂ ನನ್ನ ಗೆಳೆಯ. ಈ ಸಭೆಯಲ್ಲಿಯೇ ಇದ್ದಾನೆ. ಅವನನ್ನು ಕೇಳಿಯೇ ಈ ಮಾತನ್ನು ಹೇಳುತ್ತಿದ್ದೇನೆ.

ಬಿದಿರಿನ ಎಳೆಗಳು ನೇರ, ಗಟ್ಟಿ, ಹೊರಮೈ ಗಾಜಿನಂತೆ. ಮುರಿದರೆ ಸೂಜಿಯಾಗುತ್ತದೆ. ಮುಖಕವಚದ ಸರಳುಗಳ ಸಂದಿಯಲ್ಲಿ ಆ ಸೂಜಿ ನುಗ್ಗಬಹುದು. ಆದುದರಿಂದಲೇ ಕೆಂಡೊ ಆಡುವವರು ಪ್ರತಿದಿನವೂ ಆಟಕ್ಕೆ ಮೊದಲು ಶಿನಾಯ್‌ನ ಪಟ್ಟಿಗಳನ್ನು ಬೆರಳಿನಿಂದ ಸವರಿ, ಸಿಬಿರು ಎದ್ದಿದೆಯೇ ನೋಡುತ್ತಾರೆ, ಎಣ್ಣೆ ಹಚ್ಚುತ್ತಾರೆ, ಸೀಳಿದ ಪಟ್ಟಿಯನ್ನು ತೆಗೆದು ಬೇರೆ ಹಾಕುತ್ತಾರೆ. ಅದು ಹಗುರವಾದ ಆಟ, ಶಿಸ್ತಿನ ಆಟ, ಅವರಿಗೆ ಅದು ಸರಿ. ಆದರೆ ಉಕ್ಕಿನ ಕವಚ ತೊಟ್ಟ ಇನ್ನೂರು ಜನ ಇನ್ನೂರು ಜನರ ಮೇಲೆ ಬೀಳುವ ಮೇಳದಲ್ಲಿ ಬಿದಿರು ಎರಡು ಗಳಿಗೆ ನಿಲ್ಲದು.

ಅಮೆರಿಕದವರ ಉತ್ತರ ನಮ್ಮ ಬೆತ್ತ. ಬೆತ್ತದ ಗುಣವನ್ನು ನಾವೆಲ್ಲ ಶಾಲೆಯಲ್ಲಿಯೇ ಅಂಗೈಯಲ್ಲಿ ಕಲಿತವರಲ್ಲವೆ? ಉರಿಯುತ್ತದೆ, ಬಾಸುಂಡೆ ಏಳುತ್ತದೆ, ಆದರೆ ಎಲುಬು ಮುರಿಯುವುದಿಲ್ಲ. ಬೆತ್ತ ಬಿದಿರಿನ ತಮ್ಮನೆಂದು ಬಹಳ ಜನ ತಿಳಿದಿದ್ದಾರೆ. ಅಲ್ಲ. ಬಿದಿರು ಹುಲ್ಲಿನ ಜಾತಿ. ಬೆತ್ತ ತೆಂಗು ಅಡಿಕೆಗಳ ಜಾತಿ, ಆದರೆ ತನ್ನ ಕಾಲ ಮೇಲೆ ನಿಲ್ಲಲಾರದೆ ಮುಳ್ಳಿನಿಂದ ಬೇರೆ ಮರಕ್ಕೆ ಜೋತುಬಿದ್ದು ಏರುವ ಬಳ್ಳಿ. ಬಿದಿರು ಟೊಳ್ಳು, ಬೆತ್ತ ಒಳಗೆಲ್ಲ ತುಂಬಿದ್ದು. ಅಡ್ಡಕ್ಕೆ ಕೊಯ್ದು ನೋಡಿದರೆ ಸಾವಿರ ಸಣ್ಣ ರಂಧ್ರಗಳ ನಡುವೆ ಎಳೆಗಳ ಗೊಂಚಲು. ಹೊರಗೆ ಒತ್ತಾಗಿ, ಒಳಗೆ ವಿರಳವಾಗಿ. ಪೆಟ್ಟು ಬಿದ್ದಾಗ ಅದು ಬಾಗುತ್ತದೆ, ಬಾಗುವಷ್ಟು ಹೊತ್ತು ಪೆಟ್ಟಿನ ಬಲ ಹಂಚಿಹೋಗುತ್ತದೆ. ಬಹಳ ದಿನ ಹೊಡೆದಮೇಲೆ ಒಂದೇ ಸಲ ಮುರಿಯುವುದಿಲ್ಲ. ಎಳೆ ಎಳೆಯಾಗಿ ಬಿಟ್ಟುಕೊಂಡು ಪೊರಕೆಯಂತಾಗುತ್ತದೆ. ತಾನು ಸಾಯುವ ಮೊದಲು ಮುನ್ಸೂಚನೆ ಕೊಡುವ ವಸ್ತು ಇದು. ಯಂತ್ರದ ಪಕ್ಕ ನಿಂತು ಕೆಲಸ ಮಾಡಿದವರಿಗೆ ಇಂಥ ವಸ್ತುವಿನ ಬೆಲೆ ಗೊತ್ತು.

ಅಲ್ಲಿಗೆ ಹೋಗುವ ದಪ್ಪ ಬೆತ್ತ ಹೆಚ್ಚಾಗಿ ಆಗ್ನೇಯ ಏಷ್ಯದ್ದು. ಮನಾವ್ ಎಂಬ ಜಾತಿ ಪ್ರಸಿದ್ಧ. ಅಲ್ಲಿಯವರು ಹಸಿ ಬೆತ್ತವನ್ನು ಎಣ್ಣೆಯಲ್ಲಿ ಬೇಯಿಸಿ ಒಣಗಿಸುತ್ತಾರೆ, ಬೂಸಲೂ ಹುಳುವೂ ಹಿಡಿಯದಿರಲೆಂದು. ೨೦೧೨ರಿಂದ ಇಂಡೊನೇಷ್ಯ ಸರ್ಕಾರ ಕಚ್ಚಾ ಬೆತ್ತದ ರಫ್ತನ್ನು ನಿಲ್ಲಿಸಿತು. ಕುರ್ಚಿ ಮೇಜು ಮಾಡಿ ಕಳುಹಿಸಿದರೆ ಅಲ್ಲಿಯ ಕೆಲಸಗಾರನಿಗೆ ಕೂಲಿ ಸಿಗುತ್ತದೆಂಬ ಲೆಕ್ಕ. ನಮ್ಮ ಘಟ್ಟದಲ್ಲಿ, ಸುಬ್ರಹ್ಮಣ್ಯ ಸುಳ್ಯದ ಕಡೆ, ನಾಗಬೆತ್ತವೆಂಬ ದಪ್ಪ ಜಾತಿಯುಂಟು. ೧೯೭೦ರಲ್ಲಿ ಸಸ್ಯಶಾಸ್ತ್ರಜ್ಞರು ಅದಕ್ಕೆ ಲ್ಯಾಟಿನ್ ಹೆಸರಿಟ್ಟಾಗ ನಮ್ಮ 'ನಾಗಬೆತ್ತ'ವೆಂಬ ಹೆಸರನ್ನೇ ಅದರೊಳಗೆ ಸೇರಿಸಿಕೊಂಡರು. ಆದರೆ ಅದು ಅಪರೂಪವಾಗಿಬಿಟ್ಟಿದೆ, ಕಾಡಿನಿಂದ ತರುವ ಮಾತೂ ಸುಲಭದ್ದಲ್ಲ. ನಾನು ಬಳಸಿದ್ದು ಹಡಗಿನಲ್ಲಿ ಬಂದ ಪರದೇಶದ ಬೆತ್ತವನ್ನೇ.

ಇನ್ನು ಕೆಲಸಕ್ಕೆ ಬರೋಣ. ಮೊದಲ ಅಳತೆ ದಪ್ಪದ್ದು. ಅವರ ನಿಯಮದಂತೆ ಹೊಡೆಯುವ ಭಾಗ ಒಂದೂಕಾಲು ಇಂಚಿಗಿಂತ ಎಲ್ಲಿಯೂ ಸಣ್ಣದಿರಬಾರದು. ಅದೇಕೆ ಒಂದೂಕಾಲು? ನನಗೆ ಇದು ಮೊದಲು ಹೊಳೆಯಲಿಲ್ಲ. ಆಮೇಲೆ ಶಿರಸ್ತ್ರಾಣದ ನಿಯಮ ಕೇಳಿದಾಗ ಹೊಳೆಯಿತು. ಶಿರಸ್ತ್ರಾಣವನ್ನು ಹದಿನಾರು ಗೇಜಿನ ಉಕ್ಕಿನಲ್ಲಿ, ಎಂದರೆ ಒಂದೂವರೆ ಮಿಲಿಮೀಟರಿಗೆ ಮೇಲ್ಪಟ್ಟ ದಪ್ಪದ ತಗಡಿನಲ್ಲಿ ಮಾಡಬೇಕು. ಮುಖದ ಸರಳುಗಳ ಸಂದಿ ಒಂದು ಇಂಚಿಗಿಂತ ಹೆಚ್ಚಿರಬಾರದು. ಸಂದಿ ಒಂದಿಂಚು, ಕತ್ತಿ ಒಂದೂಕಾಲು ಇಂಚು. ಒಳಕ್ಕೆ ಹೋಗುವಂತೆಯೇ ಇಲ್ಲ! ಕಮ್ಮಾರನೂ ಬೆತ್ತದವನೂ ಒಬ್ಬರ ಮುಖ ಒಬ್ಬರು ನೋಡದಿದ್ದರೂ ಅವರಿಬ್ಬರ ಅಳತೆಗಳು ಸೇರಿ ಒಂದು ಕಣ್ಣನ್ನು ಕಾಯುತ್ತವೆ. ಈ ಒಂದು ಸಂಗತಿ ತಿಳಿದ ದಿನ ನನಗೆ ಈ ಕೆಲಸದ ಮೇಲೆ ಗೌರವ ಹುಟ್ಟಿತು.

ನನ್ನ ಮೊದಲ ಕತ್ತಿಯಲ್ಲಿ ನಾನು ಮಾಡಿದ ತಪ್ಪುಗಳನ್ನು ಮುಚ್ಚಿಡುವುದಿಲ್ಲ. ಅಂಗಡಿಯ ಕೆಲಸದಲ್ಲಿ ನಾವು ಬೆತ್ತದ ಸಿಪ್ಪೆ ಹೆರೆದು, ಗಿಣ್ಣುಗಳನ್ನು ಸಮ ಮಾಡಿ, ಪಾಲಿಶ್ ಹಚ್ಚುತ್ತೇವೆ; ಗಿರಾಕಿ ಮೆಚ್ಚಬೇಕಲ್ಲ. ಹಾಗೆಯೇ ಹೆರೆದೆ. ದಪ್ಪ ಬೆತ್ತ ತೆಗೆದುಕೊಂಡು ಬಾಗನ್ನು ಉಳಿಯಿಂದ ಕೆತ್ತಿ ತೆಗೆದೆ. ಗಟ್ಟಿಯಾಗಲೆಂದು ರಾಳದ ಪಾಲಿಶಿನಲ್ಲಿ ನೆನೆಸಿದೆ. ತುದಿಯನ್ನು ಚೂಪಾಗಿಯೇ ಮಾಡಿ, ಮೇಲೆ ಸ್ವಲ್ಪ ಸ್ಪಂಜು ಇಟ್ಟು, ಟೇಪನ್ನು ಹೆಣದ ಚಟ್ಟ ಬಿಗಿದಂತೆ ಬಿಗಿದೆ. ಅಲಗು ಯಾವ ಕಡೆ ಎಂದು ತೋರಿಸಲು ಬೇರೆ ಬಣ್ಣದ ಪಟ್ಟಿ ಅಂಟಿಸಬೇಕೆಂದು ಹುಡುಗ ಹೇಳಿದ್ದ. ಕೆಂಪು ಪಟ್ಟಿಯನ್ನು ಬಾಗಿನ ಒಳಭಾಗಕ್ಕೆ ಅಂಟಿಸಿದೆ. ನನ್ನ ಅಂಗಡಿಯಲ್ಲಿ ಅಷ್ಟು ಚೆಂದದ ವಸ್ತು ಹಿಂದೆ ಹುಟ್ಟಿರಲಿಲ್ಲ. ಅವನು ತೆಗೆದುಕೊಂಡು ಹೋದ.

ತಿಂಗಳಾದಮೇಲೆ ದೂರವಾಣಿ ಬಂತು. ಅಲ್ಲಿ ಆಟಕ್ಕೆ ಮುಂಚೆ ಪ್ರತಿಯೊಂದು ಆಯುಧವನ್ನೂ ಕವಚವನ್ನೂ ಪರೀಕ್ಷಿಸುವ 'ಮಾರ್ಷಲ್' ಎಂಬವರಿರುತ್ತಾರೆ. ಆ ಮನುಷ್ಯ ನನ್ನ ಕತ್ತಿಯನ್ನು ಬಗ್ಗಿಸಿ ನೋಡಿದನಂತೆ, ತುದಿಗೆ ಹೆಬ್ಬೆರಳು ಒತ್ತಿದನಂತೆ, "ಬಹಳ ಸೊಗಸಾಗಿದೆ, ಗೋಡೆಗೆ ತೂಗುಹಾಕು" ಎಂದನಂತೆ. "ಮಾವ, ಬೇಸರ ಮಾಡಿಕೊಳ್ಳಬೇಡಿ" ಎಂದ ಹುಡುಗ. "ನಾನೇಕೆ ಬೇಸರ ಮಾಡಿಕೊಳ್ಳಲಿ? ಏನು ತಪ್ಪೆಂದು ಒಂದೊಂದಾಗಿ ಹೇಳು" ಎಂದೆ. ಬೇಸರವಾಗಿತ್ತು, ಎರಡು ದಿನ ಅನ್ನ ರುಚಿಸಲಿಲ್ಲ.

ಮೊದಲನೆಯ ತಪ್ಪು ಕೆತ್ತಿದ್ದು. ಬಾಗನ್ನು ಕೆತ್ತಿದರೆ ಎಳೆಗಳು ನಡುವೆ ಕತ್ತರಿಸಿಹೋಗುತ್ತವೆ. ಆ ಕಡಿದ ತುದಿಗಳೇ ಸಿಬಿರೇಳುವ ಜಾಗ. ಎಳೆ ಹಿಡಿಯಿಂದ ತುದಿಯವರೆಗೆ ಕಡಿಯದೆ ಹೋಗಬೇಕು. ಆದುದರಿಂದ ಬಗ್ಗಿಸಬೇಕು, ಕೆತ್ತಬಾರದು. ಕುರ್ಚಿಯ ಕೈಗೆ ನಾವು ಬೆಂಕಿಯ ದೀಪ ಹಿಡಿದು ಬಗ್ಗಿಸುತ್ತೇವೆ. ಎಲ್ಲಾದರೂ ಕಂದಿದರೆ ಮೇಲೆ ಸಿಪ್ಪೆ ಸುತ್ತಿ ಮುಚ್ಚುತ್ತೇವೆ. ಕತ್ತಿಗೆ ಅದು ಸಲ್ಲದು, ಕಂದಿದ ಬೆತ್ತ ಪೆಡಸು. ಒಂದು ಕೊಳವೆಯ ಒಂದು ತುದಿಗೆ ನೀರಿನ ಹಂಡೆ ಜೋಡಿಸಿ, ಒಳಗೆ ಬೆತ್ತವಿಟ್ಟು ಒಂದು ತಾಸಿಗೂ ಮಿಕ್ಕಿ ಆವಿಯಲ್ಲಿ ಬೇಯಿಸಿದೆ. ಹಲಗೆಗೆ ಮೊಳೆ ಹೊಡೆದು ಅಚ್ಚು ಮಾಡಿ, ಬಿಸಿಯಿರುವಾಗಲೇ ಅದಕ್ಕೆ ಕಟ್ಟಿದೆ. ಬಿಚ್ಚಿದಾಗ ಬೆತ್ತ ಸ್ವಲ್ಪ ಹಿಂದಕ್ಕೆ ಸರಿಯುವುದರಿಂದ ಬೇಕಾದುದಕ್ಕಿಂತ ಹೆಚ್ಚು ಬಗ್ಗಿಸಬೇಕು. ಬೇಕಾದುದಾದರೂ ಎಷ್ಟು? ಮುಕ್ಕಾಲು ಇಂಚು ಮಾತ್ರ. ಜಪಾನೀ ಕತ್ತಿ ನಾವು ಚಿತ್ರದಲ್ಲಿ ನೋಡುವಷ್ಟು ಬಾಗಿದ್ದಲ್ಲ. ಗಿಣ್ಣು ಇರುವಲ್ಲಿ ಬೆತ್ತ ಬಗ್ಗದು, ಆದುದರಿಂದ ಗಿಣ್ಣುಗಳು ದೂರ ದೂರವಿರುವ ತುಂಡನ್ನೇ ಆರಿಸಬೇಕು. ಒಣಗಲು ಮೂರು ವಾರ ಬಿಟ್ಟೆ. ನಮ್ಮ ಮಳೆಗಾಲದಲ್ಲಾದರೆ ಇನ್ನೂ ಹೆಚ್ಚು.

ಎರಡನೆಯದು ರಾಳ. ಬೆತ್ತದ ಬಳುಕನ್ನು ಕಡಿಮೆ ಮಾಡುವ ಯಾವ ಉಪಚಾರವನ್ನೂ ಮಾಡಬಾರದೆಂದು ನಿಯಮವೇ ಇದೆ. ನಾನು ಗಟ್ಟಿಮಾಡಲು ಹೋಗಿ ಅದರ ಇದ್ದ ಒಂದು ಪುಣ್ಯವನ್ನೂ ತೆಗೆದುಬಿಟ್ಟಿದ್ದೆ. ಸಿಪ್ಪೆ ತೆಗೆಯಬೇಕೆ ಬಿಡಬೇಕೆ ಎಂಬುದರಲ್ಲಿ ಅಲ್ಲಿಯೂ ಎರಡು ಪಕ್ಷವಂತೆ. ನಾನು ಬಿಡುವ ಪಕ್ಷ. ಗಿಣ್ಣಿನ ಏಣನ್ನಷ್ಟೇ ಅರದಿಂದ ಉಜ್ಜುತ್ತೇನೆ. ಅದರ ಮೇಲೆ ಉದ್ದಕ್ಕೆ ನೂಲೆಳೆಯ ಅಂಟುಪಟ್ಟಿ, ಅದರ ಮೇಲೆ ಬಟ್ಟೆಯ ಅಂಟುಪಟ್ಟಿ. ಎಳೆ ಎದ್ದರೂ ಹೊರಗೆ ಬಾರದಂತೆ ಪೂರ್ತಿ ಮುಚ್ಚಲೇಬೇಕು.

ಮೂರನೆಯದು ತುದಿ. ತಿವಿಯುವ ತುದಿಯೂ ಒಂದೂಕಾಲು ಇಂಚಿಗೆ ಕಡಿಮೆ ಇರಬಾರದು, ಒತ್ತಿದರೆ ಅರ್ಧ ಇಂಚು ಒಳಕ್ಕೆ ಹೋಗಬೇಕು, ಬಿಟ್ಟರೆ ಮೇಲಕ್ಕೆ ಬರಬೇಕು. ಬೆತ್ತದ ತುದಿಯನ್ನು ಗುಂಡಾಗಿ ಉಜ್ಜಿ, ಅದರ ಮೇಲೆ ತೊಗಲಿನ ಬಿಲ್ಲೆ, ಬಿಲ್ಲೆಯ ಮೇಲೆ ಸ್ಪಂಜು. ಬಿಲ್ಲೆಯಿಲ್ಲದಿದ್ದರೆ ಬೆತ್ತ ದಿನೇ ದಿನೇ ಸ್ಪಂಜನ್ನು ಕೊರೆದು ಹೊರಗೆ ಬರುತ್ತದೆ. ಸ್ಪಂಜಿಗಾಗಿ ಧಾರಾವಿಗೆ ಹೋಗಿ ಚಪ್ಪಲಿಯ ಅಟ್ಟೆಗೆ ಹಾಕುವ ದಪ್ಪ ಹಾಳೆ ತಂದೆ. ಟೇಪು ಸುತ್ತುವುದರಲ್ಲಿಯೇ ಎಲ್ಲ ಗುಟ್ಟು. ಬಿಗಿದರೆ ಒಳಗಿನ ಗಾಳಿ ಹೋಗಿ ಸ್ಪಂಜು ಕಲ್ಲು. ಸಡಿಲಬಿಟ್ಟರೆ ಕಳಚಿ ಬೀಳುತ್ತದೆ. ಮಗುವಿಗೆ ಟೊಪ್ಪಿ ಕಟ್ಟಿದಷ್ಟು ಹದ. ಬಿಸಿಲಿಗೂ ಪೆಟ್ಟಿಗೂ ಸ್ಪಂಜು ಗಟ್ಟಿಯಾಗುತ್ತಾ ಹೋಗುವುದರಿಂದ ಆಗಾಗ ಬದಲಿಸುತ್ತಿರಬೇಕು.

ನಾಲ್ಕನೆಯದನ್ನು ಕೇಳಿ ನೀವು ನಗಬಹುದು. ನಾವು ಕುಡುಗೋಲು ಹಿಡಿದು ಬೆಳೆದವರು. ನಮಗೆ ಬಾಗಿದ ಆಯುಧವೆಂದರೆ ಅಲಗು ಒಳಗಡೆ. ಜಪಾನೀ ಕತ್ತಿಗೆ ಅಲಗು ಹೊರಬಾಗಿನಲ್ಲಿ! ಕುಡುಗೋಲು ಎಳೆದು ಕೊಯ್ಯುತ್ತದೆ, ಇದು ಒರೆಯಿಂದ ಹೊರಬರುತ್ತಲೇ ಜಾರಿ ಕೊಯ್ಯುತ್ತದೆ. ಅಸಲು ಕತ್ತಿಯಲ್ಲಿ ಆ ಬಾಗು ಬರುವ ರೀತಿಯೂ ಸ್ವಾರಸ್ಯವಾದುದು. ಕಮ್ಮಾರ ಬೆನ್ನಿಗೆ ದಪ್ಪಗೆ, ಅಲಗಿಗೆ ತೆಳ್ಳಗೆ ಜೇಡಿಮಣ್ಣು ಮೆತ್ತಿ, ಕೆಂಪಗೆ ಕಾಯಿಸಿ ನೀರಿಗೆ ಅದ್ದುತ್ತಾನೆ. ಅಲಗು ಬೇಗ ತಣಿದು ಗಡುಸಾಗುತ್ತದೆ, ಹಾಗಾಗುವಾಗ ಸ್ವಲ್ಪ ಹಿಗ್ಗುತ್ತದೆ. ಬೆನ್ನು ನಿಧಾನವಾಗಿ ತಣಿದು ಮೆತ್ತಗಿರುತ್ತದೆ. ಆ ಎಳೆದಾಟದಲ್ಲಿ ಕತ್ತಿ ತಾನಾಗಿಯೇ ಬೆನ್ನಿನ ಕಡೆಗೆ ಬಾಗುತ್ತದೆ. ನಾನು ಕೆಂಪು ಪಟ್ಟಿಯನ್ನು ಕುಡುಗೋಲಿನ ಲೆಕ್ಕದಲ್ಲಿ ಅಂಟಿಸಿದ್ದೆ. ನನ್ನ ಅಳಿಯ ಆ ದಿನ ಆಡಿದ್ದರೆ ಎಲ್ಲರನ್ನೂ ಕತ್ತಿಯ ಬೆನ್ನಿನಿಂದಲೇ ಹೊಡೆಯಬೇಕಾಗಿತ್ತು.

ಎರಡನೆಯ ಕತ್ತಿಯನ್ನು ಒಂದೂವರೆ ಇಂಚಿನ ಬೆತ್ತದಿಂದ ಮಾಡಿದೆ. ಹಿಡಿಯನ್ನು ಮೊಟ್ಟೆಯಾಕಾರಕ್ಕೆ ಹೆರೆದರೂ ಒಂದೂಕಾಲು ಉಳಿಯಬೇಕಲ್ಲ, ಅದಕ್ಕೆ. ಹಿಡಿ ಗುಂಡಗಿದ್ದರೆ ಅಲಗು ಯಾವ ಕಡೆ ತಿರುಗಿದೆಯೆಂದು ಕೈಗೆ ತಿಳಿಯುವುದಿಲ್ಲ. ಮೊಟ್ಟೆಯಾಕಾರವಿದ್ದರೆ ಕಣ್ಣು ಮುಚ್ಚಿದರೂ ತಿಳಿಯುತ್ತದೆ. ಕೊಡಲಿಯ ಕಾವು ಹಿಡಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಅಸಲು ಕತ್ತಿಯ ಹಿಡಿಗೆ ತಿರಂಡಿ ಮೀನಿನ ಒರಟು ಚರ್ಮ ಹೊದಿಸಿ ರೇಷ್ಮೆಯ ಪಟ್ಟಿಯನ್ನು ವಜ್ರಾಕಾರದ ಕಿಂಡಿಗಳು ಬರುವಂತೆ ಸುತ್ತುತ್ತಾರೆ. ನಾನು ಮಂಚಕ್ಕೆ ಹಾಕುವ ನವಾರನ್ನು ಸೀಳಿ ಹಾಗೆಯೇ ಸುತ್ತಿದೆ. ಹೆಣಿಗೆ ನಮ್ಮ ಕೈಯೊಳಗಿನ ವಿದ್ಯೆ, ಅದೊಂದು ಮೊದಲ ಸಲವೇ ಸರಿಯಾಯಿತು. ಕೈ ಕಾಯುವ ದುಂಡು ಬಿಲ್ಲೆ, 'ತ್ಸುಬ', ಅದಕ್ಕೆ ದಪ್ಪ ತೊಗಲು ಬೇಕಿತ್ತು. ಚೋರ್ ಬಜಾರಿನಲ್ಲಿ ಹಳೆಯ ಗಿರಣಿಯ ಪಟ್ಟಿಯ ತುಂಡೊಂದು ಸಿಕ್ಕಿತು. ೧೯೮೨ರ ಮುಷ್ಕರದಲ್ಲಿ ಕೆಲಸ ಕಳೆದುಕೊಂಡವರು ನಮ್ಮ ಈ ಸಭೆಯಲ್ಲಿ ಎಷ್ಟು ಮಂದಿ ಇದ್ದೀರಿ. ಯಾವ ಗಿರಣಿಯ ಯಾವ ಚಕ್ರ ತಿರುಗಿಸಿದ ಪಟ್ಟಿಯೋ ಅದು! ಮೂರು ಪದರ ಅಂಟಿಸಿ ಹೊಲಿದೆ. ಎಲ್ಲ ಸೇರಿ ತೂಕ ಸುಮಾರು ಒಂಬೈನೂರು ಗ್ರಾಂ ಬಂತು. ಅಸಲು ಉಕ್ಕಿನ ಕತ್ತಿ ಒಂದು ಕಿಲೋ, ಒಂದೂಕಾಲು ಕಿಲೋ ತೂಗುವುದರಿಂದ ಕೈಗೆ ಹೆಚ್ಚು ವ್ಯತ್ಯಾಸ ತಿಳಿಯದು.

ಈಗ 'ನಗಿನಾತ' ಎಂಬ ಉದ್ದ ಕಾವಿನ ಆಯುಧವನ್ನೂ ಕೇಳಿದ್ದಾನೆ. ಜಪಾನಿನಲ್ಲಿ ಅದರ ಆಟವನ್ನು ಹೆಚ್ಚಾಗಿ ಹೆಂಗಸರೇ ಆಡುತ್ತಾರೆ. ಓಕ್ ಕಾವಿಗೆ ಬಿದಿರಿನ ಅಲಗು ಕಟ್ಟಿ, ಏಳು ಅಡಿಗೆ ಸ್ವಲ್ಪ ಹೆಚ್ಚು ಕಡಿಮೆ ಉದ್ದ. ಅಮೆರಿಕದ ಆಟದಲ್ಲಿ ಅದೂ ಬೆತ್ತವೇ, ಏಳೂವರೆ ಅಡಿ ಮೀರಬಾರದು. ಅಷ್ಟುದ್ದದ ಬೆತ್ತ ತನ್ನ ಪಾಡಿಗೆ ತಾನು ಡೊಂಕಾಗುತ್ತದೆ. ಅದನ್ನು ನಾನಿನ್ನೂ ಮುಗಿಸಿಲ್ಲ, ಅದರ ಮಾತು ಇನ್ನೊಮ್ಮೆ.

ಆಟದ ರೀತಿಯೊಂದನ್ನು ಹೇಳದಿದ್ದರೆ ಮಾತು ಅರ್ಧವಾಗುತ್ತದೆ. ಕೈಗೆ ಪೆಟ್ಟು ಬಿದ್ದರೆ ಆ ಕೈಯನ್ನು ಮತ್ತೆ ಬಳಸುವಂತಿಲ್ಲ. ಕಾಲಿಗೆ ಬಿದ್ದರೆ ಮೊಣಕಾಲೂರಿ ಕಾದಬೇಕು. ತಲೆಗೋ ಮೈಗೋ ಬಿದ್ದರೆ ಸತ್ತಂತೆ. ಮೊಣಕಾಲಿಂದ ಕೆಳಗೆ, ಮಣಿಕಟ್ಟಿನಿಂದ ಮುಂದಕ್ಕೆ ಹೊಡೆಯುವಂತಿಲ್ಲ. ಪೆಟ್ಟು ಸಾಕಷ್ಟು ಬಲವಾಗಿತ್ತೆ, ಸರಪಳಿಯ ಅಂಗಿ ತೊಟ್ಟವನನ್ನು ಅದು ಕೊಲ್ಲುತ್ತಿತ್ತೆ ಎಂಬುದನ್ನು ತೀರ್ಮಾನಿಸುವವರು ಯಾರು? ಮಾರ್ಷಲ್ ಅಲ್ಲ, ಹೊಡೆದವನಲ್ಲ, ಹೊಡೆಸಿಕೊಂಡವನು! "ಒಳ್ಳೆಯ ಪೆಟ್ಟು" ಎಂದು ತಾನೇ ಹೇಳಿ ತಾನೇ ನೆಲಕ್ಕೆ ಬೀಳಬೇಕು. ನಾನು ಕೇಳಿದೆ, "ಸುಳ್ಳು ಹೇಳುವವರಿಲ್ಲವೇನೋ?" "ಇದ್ದಾರೆ ಮಾವ. ಆದರೆ ಅವರ ಜೊತೆ ಆಡಲು ಯಾರೂ ಬರುವುದಿಲ್ಲ" ಎಂದ. ಕಳೆದ ದಸರೆಯ ನಮ್ಮ ಕೇರಂ ಪಂದ್ಯ ನೆನಪಾಯಿತು. ಯಾರ ಹೆಸರನ್ನೂ ಹೇಳುವುದಿಲ್ಲ.

ಎರಡನೆಯ ಕತ್ತಿ ಪರೀಕ್ಷೆಯಲ್ಲಿ ಉತ್ತೀರ್ಣವಾಯಿತು. ಮೊದಲ ದಿನವೇ ಅವನು ಮೂರು ಸಲ ಸತ್ತನಂತೆ. ಅದು ಕತ್ತಿಯ ದೋಷವಲ್ಲ.

ಮೂರನೆಯದನ್ನು ಅವನ ಗೆಳೆಯನೊಬ್ಬನಿಗೆಂದು ಮಾಡಿ ಇಲ್ಲಿಗೆ ತಂದಿದ್ದೇನೆ. ಅಂಗಡಿಯಿಂದ ಹೊರಡುವ ಮೊದಲು ನನ್ನ ಆ ಹಳೆಯ ಗೆಳೆಯನ ಕೈಗೆ ಕೊಟ್ಟೆ. ಅವನು ತುದಿಗೆ ಹೆಬ್ಬೆರಳು ಒತ್ತಿದ, ಮಣೆಯ ಅಂಚಿಗೆ ನಾಲ್ಕು ಸಲ ಬಲವಾಗಿ ಬಡಿದ, ಟೇಪಿನ ಮೇಲೆಲ್ಲ ಬೆರಳಾಡಿಸಿದ. ಆಮೇಲೆ ಹಿಡಿಯ ಹತ್ತಿರ ಒಂದು ಕಡೆ ಟೇಪು ಎದ್ದಿರುವುದನ್ನು ತೋರಿಸಿ, "ಇದನ್ನು ಸರಿಮಾಡಿ ಕಳಿಸು" ಎಂದ. ಸರಿಮಾಡಿದ್ದೇನೆ. ಕತ್ತಿ ಇದೋ ಮೇಜಿನ ಮೇಲಿದೆ. ಸಭೆ ಮುಗಿದಮೇಲೆ ಬಂದು ಮುಟ್ಟಿ ನೋಡಬಹುದು. ಚಹಾ ಬರುವ ಮೊದಲೇ ನೋಡಿಬಿಡಿ, ಮತ್ತು ಕಾರ್ಯದರ್ಶಿಗಳ ತಲೆಯ ಮೇಲೆ ಪ್ರಯೋಗ ಬೇಡ. ಅವರು ಶಿರಸ್ತ್ರಾಣ ತಂದಿಲ್ಲ.